ಕೈ ಬದಲಾದ ಹಾಡು

ಬೆಂಗಳೂರಿನಲ್ಲಿ ಗಿಟಾರ್ ಬಾರಿಸುವವರಿಗೆ ಬರವಿಲ್ಲ. ಯಾವ ಪಿ.ಜಿ.ಯ ಯಾವ ಮಹಡಿ ಹತ್ತಿದರೂ ಮಂಚದ ಪಕ್ಕ ಒಂದು ಗಿಟಾರ್ ಒರಗಿರುತ್ತದೆ. ಹಾಡುವವರೂ ಸಿಗುತ್ತಾರೆ. ಸಿಗದಿರುವವನು ಡ್ರಮ್ಮರ್. ಬಾಡಿಗೆ ಮನೆಯಲ್ಲಿ ಡ್ರಮ್ ಕಿಟ್ ಇಡಲು ಮಾಲೀಕರು ಒಪ್ಪುವುದಿಲ್ಲ, ಒಪ್ಪಿದರೂ ಪಕ್ಕದ ಮನೆಯವರು ಬಿಡುವುದಿಲ್ಲ. ಹಾಗಾಗಿ ಡ್ರಮ್ಸ್ ಕಲಿಯುವವರೇ ಕಡಿಮೆ, ಕಲಿತವರಲ್ಲಿ ಮೆಟಲ್ ಬಾರಿಸುವವರು ಇನ್ನೂ ಕಡಿಮೆ. ಇದ್ದೊಬ್ಬ ಡ್ರಮ್ಮರ್ ಎರಡು ಮೂರು ಬ್ಯಾಂಡುಗಳಿಗೆ ಹಂಚಿಹೋಗಿರುತ್ತಾನೆ. ಒಂದೇ ಸಂಜೆ, ಒಂದೇ ವೇದಿಕೆಯ ಮೇಲೆ, ಅಂಗಿ ಬದಲಿಸಿಕೊಂಡು ಮತ್ತೆ ಮತ್ತೆ ಅದೇ ಕಿಟ್‌ನ ಹಿಂದೆ ಬಂದು ಕೂರುತ್ತಾನೆ. ನಮ್ಮ ಹವ್ಯಾಸಿ ಬ್ಯಾಂಡಿನ ಕಥೆಯನ್ನು ಯಾರಾದರೂ ಕೇಳಿದರೆ ನಾನು ಇಸವಿ ಹಿಡಿದು ಹೇಳುವುದಿಲ್ಲ, ಡ್ರಮ್ಮರುಗಳನ್ನು ಹಿಡಿದು ಹೇಳುತ್ತೇನೆ. ಮಂಡ್ಯದವನ ಕಾಲ, ಶಿಲ್ಲಾಂಗಿನವನ ಕಾಲ, ಯಾರೂ ಇಲ್ಲದ ಕಾಲ, ಕೆ.ಜಿ.ಎಫ್.ನವಳ ಕಾಲ.

ಮಂಡ್ಯದವನು ಬಂದದ್ದು 2005ರ ಸುಮಾರಿಗೆ, ಮೈಸೂರು ರಸ್ತೆಯ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿ ನಾವೆಲ್ಲ ಜೊತೆಯಾದಾಗ. ಅವನು ಮೆಟಲ್ ಕೇಳಿ ಬೆಳೆದವನಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ರಿದಂ ಪ್ಯಾಡ್ ಬಾರಿಸಿ ಪಳಗಿದವನು. ಸಿನಿಮಾ ಹಾಡಿನ ನಡೆ ಅವನ ಮೈಯಲ್ಲೇ ಇತ್ತು. ಲೀಡ್ ಗಿಟಾರಿನವನು ಮೈಸೂರಿನವನು, ಅವನ ತಾಯಿ ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಹಾಡುವವನು ಹುಬ್ಬಳ್ಳಿಯವನು. ನಾನು ಕುಂದಾಪುರದ ಕಡೆಯವನು, ಬೇಸ್ ಗಿಟಾರ್ ನನ್ನದು. ನಾಲ್ಕು ದಪ್ಪ ತಂತಿಗಳ ಈ ವಾದ್ಯ ಕೇಳುವವರ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಬೇಸಿನವನ ಕಣ್ಣು ಯಾವಾಗಲೂ ಡ್ರಮ್ಮರನ ಬಲಗಾಲಿನ ಮೇಲೆ. ಕಿಕ್ ಡ್ರಮ್ಮಿನ ಏಟು ಮತ್ತು ನನ್ನ ತಂತಿಯ ಮೀಟು ಒಟ್ಟಿಗೆ ಬಿದ್ದರೆ ಮಾತ್ರ ಮೇಲಿನದೆಲ್ಲ ನಿಲ್ಲುತ್ತದೆ. ಆದ್ದರಿಂದ ಡ್ರಮ್ಮರ್ ಬದಲಾದರೆ ಅದು ಮಿಕ್ಕವರಿಗಿಂತ ಮೊದಲು ನನ್ನ ಬೆರಳಿಗೆ ಗೊತ್ತಾಗುತ್ತದೆ.

ಆ ಹೊತ್ತಿಗೆ ಬೆಂಗಳೂರಿಗೆ ಮೆಟಲ್ ಹೊಸದಾಗಿರಲಿಲ್ಲ. ಮಿಲೇನಿಯಂ, ಡೈಯಿಂಗ್ ಎಂಬ್ರೇಸ್ ಮುಂತಾದ ಹೆಸರುಗಳನ್ನು ಹಿರಿಯರು ಗೌರವದಿಂದ ಹೇಳುತ್ತಿದ್ದರು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಮೊದಲ ಆಲ್ಬಮನ್ನೂ ತಂದಾಗಿತ್ತು. ನಮ್ಮಂಥ ಹುಡುಗರಿಗೆ ಇದ್ದದ್ದು ಕಾಲೇಜು ಫೆಸ್ಟುಗಳ ಸ್ಪರ್ಧೆ, ಆಗಸ್ಟ್ ತಿಂಗಳ ಫ್ರೀಡಂ ಜಾಮ್, ಗಂಟೆಗಿಷ್ಟು ಎಂದು ಬಾಡಿಗೆಗೆ ಸಿಗುವ ನೆಲಮಾಳಿಗೆಯ ಜಾಮ್ ರೂಮು. ಗೋಡೆಗೆಲ್ಲ ಹಳೆಯ ಜಮಖಾನ ಹೊಡೆದ ಆ ಕೋಣೆಯಲ್ಲಿ ಫ್ಯಾನ್ ಹಾಕಿದರೆ ಮೈಕಿನಲ್ಲಿ ಗಾಳಿಯ ಸದ್ದು, ಹಾಕದಿದ್ದರೆ ಬೆವರಿಗೆ ಬೆರಳು ತಂತಿಯ ಮೇಲೆ ಜಾರುವುದು. ಸಂಘಟಕರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಯಾವ ಕವರ್‌ಗಳು ಬರುತ್ತವೆ? ಮೆಟಾಲಿಕಾದ ಎರಡು, ಐರನ್ ಮೇಡನ್‌ನ ಎರಡು, ಸಮಯ ಉಳಿದರೆ ಪ್ಯಾಂಟೆರಾದ ಒಂದು. ಎಲ್ಲ ಬ್ಯಾಂಡುಗಳೂ ಅವೇ ಹಾಡುಗಳನ್ನು ಬಾರಿಸುತ್ತಿದ್ದವು. ಕಣ್ಣು ಮುಚ್ಚಿ ಕೇಳಿದರೆ ಯಾರು ಯಾರೆಂದು ಗುರುತು ಹತ್ತುವಂತಿರಲಿಲ್ಲ.

2007ರ ಮಾರ್ಚ್ 17ರಂದು ಐರನ್ ಮೇಡನ್ ಅರಮನೆ ಮೈದಾನಕ್ಕೇ ಬಂತು. ಆ ಸಂಜೆಯ ಜನಸಾಗರದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಈಶಾನ್ಯ ರಾಜ್ಯಗಳಿಂದ ದಿನಗಟ್ಟಲೆ ರೈಲಿನಲ್ಲಿ ಬಂದವರ ಪಕ್ಕದಲ್ಲಿ ನಾವು ನಿಂತಿದ್ದೆವು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ನನ್ನ ಕಣ್ಣು ನೆಟ್ಟದ್ದು ಸ್ಟೀವ್ ಹ್ಯಾರಿಸ್ ಮೇಲೆ. ಬೇಸ್ ಬಾರಿಸುವ ಆತನೇ 1975ರಲ್ಲಿ ಆ ಬ್ಯಾಂಡನ್ನು ಕಟ್ಟಿದವನು. ಮೊದಲ ದಿನದಿಂದ ಇವತ್ತಿನವರೆಗೆ ಉಳಿದವನು ಅವನೊಬ್ಬನೇ. ಹಾಡುಗಾರರು ಬದಲಾದರು, ಡ್ರಮ್ಮರುಗಳು ಬದಲಾದರು. 1990ರಲ್ಲಿ ಏಡ್ರಿಯನ್ ಸ್ಮಿತ್ ಬಿಟ್ಟುಹೋದಾಗ ಆ ಜಾಗಕ್ಕೆ ಯಾನಿಕ್ ಗೆರ್ಸ್ ಬಂದ. 1999ರಲ್ಲಿ ಸ್ಮಿತ್ ಮರಳಿ ಬಂದಾಗ ಗೆರ್ಸ್‌ಗೆ ಹೊರಡು ಎಂದು ಯಾರೂ ಹೇಳಲಿಲ್ಲ. ಎರಡು ಗಿಟಾರಿನ ಬ್ಯಾಂಡು ಮೂರು ಗಿಟಾರಿನದಾಯಿತು, ಇವತ್ತಿಗೂ ಹಾಗೆಯೇ ಇದೆ. ಲೈನ್‌ಅಪ್ ಬದಲಾವಣೆಯ ಕಥೆಗಳಲ್ಲಿ ಇಷ್ಟು ಔದಾರ್ಯದ್ದು ನನಗೆ ಬೇರೊಂದು ಗೊತ್ತಿಲ್ಲ. ಬಂದವನಿಗೆ ಜಾಗ ಮಾಡಿಕೊಟ್ಟರು, ಇದ್ದವನನ್ನು ಎಬ್ಬಿಸಲಿಲ್ಲ. ಆ ರಾತ್ರಿ ಮೂರು ಗಿಟಾರುಗಳೂ ಒಟ್ಟಿಗೆ ನುಡಿದಾಗ ಈ ವಿಷಯವೇ ನನ್ನ ತಲೆಯಲ್ಲಿ ತಿರುಗುತ್ತಿತ್ತು.

ಅಲ್ಲಿಂದ ಬಂದ ಮೇಲೆ ನಮ್ಮದೇ ಹಾಡು ಬೇಕೆನಿಸಿತು. ಬಹುಶಃ ಆ ಮೈದಾನದಿಂದ ಮನೆಗೆ ಮರಳಿದ ಪ್ರತಿ ಬ್ಯಾಂಡಿಗೂ ಹಾಗೆ ಅನಿಸಿರಬೇಕು. ನಾವು ಆರಿಸಿಕೊಂಡ ವಸ್ತು ಧರ್ಮಾಂಬುಧಿ ಕೆರೆ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಆ ಕೆರೆಯ ಅಂಗಳದಲ್ಲಿ. ನಾವೆಲ್ಲರೂ ಬೆಂಗಳೂರಿಗೆ ಮೊದಲು ಕಾಲಿಟ್ಟದ್ದು ಅಲ್ಲೇ, ಕೈಯಲ್ಲಿ ಚೀಲ ಹಿಡಿದು, ಕೆಳಗೆ ಕೆರೆಯಿತ್ತೆಂಬುದು ಗೊತ್ತಿಲ್ಲದೆ. ಹುಬ್ಬಳ್ಳಿಯವನು ಇಂಗ್ಲಿಷಿನಲ್ಲಿ ಸಾಲು ಬರೆದ. ಆಗ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಮೆಟಲ್ ಹಾಡಬಹುದು ಎಂಬುದೇ ನಮ್ಮ ಮಾತಿನಲ್ಲಿ ಬಂದಿರಲಿಲ್ಲ.

ಹಾಡು ನಿಧಾನವಾಯಿತು. ಬೇಕೆಂದು ಮಾಡಿದ್ದಲ್ಲ. ಮಂಡ್ಯದವನ ಬಳಿ ಇದ್ದದ್ದು ಒಂದೇ ಪೆಡಲು; ಎರಡು ಕಾಲಿನಿಂದಲೂ ಕಿಕ್ ಡ್ರಮ್ ಹೊಡೆಯುವ ಡಬಲ್ ಪೆಡಲನ್ನು ಅವನು ಕಲಿತೇ ಇರಲಿಲ್ಲ. ಆದರೆ ಅವನ ಕೈ ಭಾರವಾಗಿತ್ತು. ಸ್ನೇರ್ ಡ್ರಮ್ಮಿನ ಮೇಲೆ ಅವನ ಏಟು ಲೆಕ್ಕಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು, ಬಿದ್ದ ಮೇಲೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಆ ತಡದಲ್ಲಿ ಇಡೀ ಹಾಡು ಹಿಂದಕ್ಕೆ ಒರಗಿ ನಡೆಯುತ್ತಿತ್ತು. ಮೈಸೂರಿನವನು ಗಿಟಾರಿನ ತಂತಿಗಳನ್ನು ಶ್ರುತಿಗಿಂತ ಕೆಳಕ್ಕಿಳಿಸಿದ, ನಾನೂ ಇಳಿಸಿದೆ. ಸಡಿಲವಾದ ತಂತಿಯಲ್ಲಿ ಅವನಿಗೆ ಇನ್ನೊಂದು ಅನುಕೂಲ ಸಿಕ್ಕಿತು. ಅವನು ಸ್ವರವನ್ನು ನೇರವಾಗಿ ಒತ್ತಿ ಹಿಡಿಯುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಒತ್ತಿ, ತಂತಿಯನ್ನು ಅಡ್ಡಲಾಗಿ ಎಳೆದು ಮೇಲಿನ ಸ್ವರಕ್ಕೆ ಹತ್ತಿಸಿ, ಮತ್ತೆ ಅರ್ಧಕ್ಕಿಳಿಸಿ ಅಲ್ಲೇ ತೂಗಾಡಿಸುತ್ತಿದ್ದ. ಚಿಕ್ಕಂದಿನಿಂದ ತಾಯಿಯ ಪಕ್ಕ ಕೂತು ಸರಳೆ ವರಸೆ ಕೇಳಿದವನಿಗೆ ಗಮಕ ಇಲ್ಲದ ಸ್ವರ ಬರಿದೆನಿಸುತ್ತಿತ್ತು. ಮಕ್ಕಳಿಗೆ ಮೊದಲು ಕಲಿಸುವ ಮಾಯಾಮಾಳವಗೌಳದಲ್ಲಿ ಷಡ್ಜಕ್ಕೆ ಅಂಟಿಕೊಂಡಂತೆ ಶುದ್ಧ ರಿಷಭ ಇದೆ. ಆ ಎರಡರ ನಡುವಿನ ಇಕ್ಕಟ್ಟನ್ನೇ ಮೆಟಲ್ ಜಗತ್ತು ಬಲು ಇಷ್ಟಪಟ್ಟು ಬಾರಿಸುತ್ತದೆ. ಅವನು ಅದನ್ನು ಎಲ್ಲಿಂದಲೋ ತಂದು ಸೇರಿಸಲಿಲ್ಲ, ಅವನ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ ಅಷ್ಟೆ.

ಮೆಟಲ್ ಹುಟ್ಟಿದ್ದೇ ಹಾಗಲ್ಲವೇ? ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಟೋನಿ ಅಯೋಮಿ ಹದಿನೇಳರ ಹರೆಯದಲ್ಲಿ, ಕೆಲಸ ಬಿಡುವ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿಸಿಕೊಂಡು ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಅವನು ಎಡಚ, ಅಂದರೆ ತಂತಿ ಒತ್ತುವ ಕೈಯೇ ಹೋಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ, ತೆಳು ತಂತಿ ಹಾಕಿದ, ಮುಂದೆ ಬೆರಳಿಗೆ ನೋವಾಗದಂತೆ ಶ್ರುತಿಯನ್ನೂ ಇಳಿಸಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯ ಆ ಕೆಳಗಿನ, ದಟ್ಟ ನಾದ ಹೀಗೆ ಬಂದದ್ದು. ಅವರ ಬ್ಯಾಂಡು 1968ರಲ್ಲಿ ಶುರುವಾದಾಗ ಅದರ ಹೆಸರು ಪೋಲ್ಕಾ ಟಲ್ಕ್ ಬ್ಲೂಸ್ ಬ್ಯಾಂಡ್, ಅದರಲ್ಲಿ ಸ್ಯಾಕ್ಸೊಫೋನ್ ಬಾರಿಸುವವನೂ ಇದ್ದ. ಆಮೇಲೆ ನಾಲ್ವರಾದರು, ‘ಅರ್ಥ್’ ಎಂದು ಕರೆದುಕೊಂಡರು, ಕೊನೆಗೆ ಬ್ಲ್ಯಾಕ್ ಸ್ಯಾಬತ್ ಆದರು. ಆ ಹೆಸರಿನದೇ ಹಾಡೊಂದರಲ್ಲಿ ಷಡ್ಜದಿಂದ ತಾರ ಷಡ್ಜಕ್ಕೆ ಹಾರಿ, ಪ್ರತಿಮಧ್ಯಮಕ್ಕೆ ಇಳಿದು ನಿಂತರು. ಆ ಮೂರು ಸ್ವರಗಳಲ್ಲಿ ಇಡೀ ಪ್ರಕಾರ ಅಡಗಿದೆ ಎಂದರೆ ಹೆಚ್ಚಲ್ಲ. ಒಂದು ಬ್ಯಾಂಡಿಗೆ ತನ್ನದೇ ದನಿ ಸಿಗುವುದು ಅದರಲ್ಲಿರುವವರ ಕೈಗೆ ಆಗುವುದು ಮತ್ತು ಆಗದಿರುವುದು ಕೂಡಿದ ಜಾಗದಲ್ಲಿ ಎಂದು ನಾನು ಬಲವಾಗಿ ನಂಬಿದ್ದೇನೆ. ಹೆಸರು, ಕಪ್ಪು ಅಂಗಿ, ಪೋಸ್ಟರಿನ ಮುಳ್ಳು ಮುಳ್ಳು ಅಕ್ಷರ, ಇವೆಲ್ಲ ಆಮೇಲಿನ ಮಾತು.

ಕೈಗಳು ಹೊರಟುಹೋಗುತ್ತವೆ. ಹವ್ಯಾಸಿ ಬ್ಯಾಂಡು ಒಡೆಯುವುದು ಜಗಳದಿಂದ ಎಂದು ಸಿನಿಮಾಗಳು ತೋರಿಸುತ್ತವೆ. ನಾನು ಕಂಡಂತೆ ಒಡೆಯುವುದು ಬದುಕಿನಿಂದ. ಮಂಡ್ಯದವನ ತಂದೆ ಹಾಸಿಗೆ ಹಿಡಿದರು, ಗದ್ದೆ ನೋಡುವವರಿರಲಿಲ್ಲ, ಅವನು ಊರಿಗೆ ಹೋದ. ಮೈಸೂರಿನವನು ಎಂ.ಎಸ್. ಓದಲು ಅಮೆರಿಕಕ್ಕೆ ಹೋದ. ಒಬ್ಬರ ಮೇಲೂ ಸಿಟ್ಟು ಮಾಡಿಕೊಳ್ಳಲು ಕಾರಣವಿರಲಿಲ್ಲ. ಅದೇ ಹೆಚ್ಚು ಕಷ್ಟ.

ಶಿಲ್ಲಾಂಗಿನವನು ಬಂದದ್ದು ಹೀಗೆ ಖಾಲಿಯಾದ ಜಾಗಕ್ಕೆ. ಇಲ್ಲೇ ಪದವಿ ಓದುತ್ತಿದ್ದ ಹುಡುಗ. ಡಬಲ್ ಪೆಡಲನ್ನು ಚೀಲದಲ್ಲಿ ಹೊತ್ತುಕೊಂಡೇ ತಿರುಗುತ್ತಿದ್ದ. ಮೊದಲ ದಿನ ಅವನು ಬ್ಲಾಸ್ಟ್ ಬೀಟ್ ಬಾರಿಸಿದಾಗ ನೆಲಮಾಳಿಗೆಯ ಬಲ್ಬು ನಡುಗಿತು. ಸ್ನೇರ್, ಕಿಕ್, ಸಿಂಬಲ್ ಮೂರೂ ಬಿಡುವಿಲ್ಲದೆ ಒಂದರ ಬೆನ್ನಿಗೊಂದು ಬೀಳುವ ಓಟ ಅದು. ಆ ವೇಗದಲ್ಲಿ ನನ್ನ ಬೆರಳಿನ ಮೀಟುಗಳು ಬಿಡಿಬಿಡಿಯಾಗಿ ಕೇಳುವುದೇ ಇಲ್ಲ, ಎಲ್ಲ ಸೇರಿ ಒಂದೇ ಗುಂಯ್‌ಗುಟ್ಟುವಿಕೆ. ಬೆರಳು ಬಿಟ್ಟು ಪಿಕ್ ಹಿಡಿದೆ, ತಂತಿಗಳನ್ನು ಇನ್ನೂ ದಪ್ಪದ್ದಕ್ಕೆ ಬದಲಿಸಿದೆ. ಕೆರೆಯ ಹಾಡನ್ನು ಅವನೊಂದಿಗೆ ಬಾರಿಸಿದಾಗ ಅದು ಮೊದಲಿನ ಅರ್ಧ ಹೊತ್ತಿನಲ್ಲೇ ಮುಗಿದುಹೋಯಿತು. ಸ್ವರ ಅವೇ, ಸಾಲು ಅವೇ. ಕೆರೆ ಮಾತ್ರ ಹೂಳು ತುಂಬಿ ನಿಧಾನವಾಗಿ ಸಾಯುತ್ತಿರಲಿಲ್ಲ. ಒಂದೇ ರಾತ್ರಿಯಲ್ಲಿ ಮಣ್ಣು ಸುರಿದು ಮುಚ್ಚಿದಂತಿತ್ತು. ಹಾಡುವವನ ದನಿಯೂ ಬದಲಾಗಲೇಬೇಕಾಯಿತು. ಆ ಓಟದ ಮೇಲೆ ಎಳೆದು ಹಾಡಲು ಸಾಧ್ಯವಿರಲಿಲ್ಲ, ಹುಬ್ಬಳ್ಳಿಯವನು ಗ್ರೌಲ್ ಕಲಿತ. ಗ್ರೌಲ್ ಎಂದರೆ ಗಂಟಲು ಹರಿಯುವಂತೆ ಅರಚುವುದೆಂದು ಹೊರಗಿನವರ ಎಣಿಕೆ. ಹಾಗೆ ಅರಚಿದವರ ದನಿ ಬೇಗನೆ ಬಿದ್ದುಹೋಗುತ್ತದೆ. ಬಲ್ಲವರು ವಪೆಯಿಂದ ಉಸಿರನ್ನು ಒಂದೇ ಹದದಲ್ಲಿ ಮೇಲಕ್ಕೆ ತಳ್ಳುತ್ತಾರೆ. ನುಡಿಯುವುದು ಸ್ವರತಂತುಗಳ ಮೇಲಿರುವ ಹುಸಿ ಸ್ವರತಂತುಗಳು. ಹುಬ್ಬಳ್ಳಿಯವನು ದಿನವೂ ಬೆಳಿಗ್ಗೆ ನೆಲದ ಮೇಲೆ ಮಲಗಿ, ಹೊಟ್ಟೆಯ ಮೇಲೆ ದಪ್ಪ ಪುಸ್ತಕವಿಟ್ಟುಕೊಂಡು, ಅದು ಒಂದೇ ಸಮನೆ ಏರಿಳಿಯುವಂತೆ ಉಸಿರಾಡುತ್ತಿದ್ದ.

ಆಗ ಪೋಸ್ಟರಿನ ತಕರಾರು ಶುರುವಾಯಿತು. ನಮ್ಮ ಹೆಸರಿನ ಕೆಳಗೆ ಮೆಟಲ್‌ನ ಯಾವ ಬಗೆ ಎಂದು ಬರೆಯಬೇಕು? ಡೂಮ್ ಎಂದೇ, ಥ್ರ್ಯಾಶ್ ಎಂದೇ, ಡೆತ್ ಎಂದೇ? ಡೂಮ್ ಎಂದು ಕೇಳಿ ಬಂದವರು ಈ ವೇಗಕ್ಕೆ ಕೈಕಟ್ಟಿ ನಿಂತರು. ಡೆತ್ ಎಂದು ಬಂದವರಿಗೆ ನಡುನಡುವೆ ಉಳಿದಿದ್ದ ಹಳೆಯ ನಿಧಾನದ ತುಣುಕುಗಳು ರುಚಿಸಲಿಲ್ಲ. ಗೆಳೆಯರೇ ಕೇಳಿದರು: ನೀವು ಅದೇ ಬ್ಯಾಂಡಾ?

ಈ ಪ್ರಶ್ನೆಗೆ ನಾನು ಉತ್ತರ ಹುಡುಕುವುದು ನನ್ನೂರಿನ ಕಡೆಯ ಯಕ್ಷಗಾನ ಮೇಳಗಳಲ್ಲಿ. ಮೇ ತಿಂಗಳ ಕೊನೆಗೆ, ಪತ್ತನಾಜೆಯ ಹೊತ್ತಿಗೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮುಂದಿನ ತಿರುಗಾಟಕ್ಕೆ ಗೆಜ್ಜೆ ಕಟ್ಟುವಾಗ ಈ ಮೇಳದ ವೇಷಧಾರಿ ಆ ಮೇಳದಲ್ಲಿ, ಆ ಮೇಳದ ಹಾಸ್ಯಗಾರ ಈ ಮೇಳದಲ್ಲಿ. ಮೇಳಕ್ಕೆ ಕ್ಷೇತ್ರದ ಹೆಸರಿದೆ, ಅದು ಬದಲಾಗುವುದಿಲ್ಲ. ಪ್ರಸಂಗಗಳೂ ಬಹುಮಟ್ಟಿಗೆ ಅವೇ. ಆದರೆ ನಮ್ಮ ಮನೆಯ ಹಿರಿಯರು ಆಟಕ್ಕೆ ಹೊರಡುವ ಮೊದಲು ಕೇಳುತ್ತಿದ್ದದ್ದು ಒಂದೇ: ಈ ಸಲ ಭಾಗವತರು ಯಾರು? ಭಾಗವತರ ಕೈತಾಳ ಬದಲಾದರೆ ಅದೇ ಅಭಿಮನ್ಯು ಬೇರೆ ರೀತಿ ಹೆಜ್ಜೆ ಹಾಕುತ್ತಾನೆ, ಅದೇ ಚಕ್ರವ್ಯೂಹ ಬೇರೆ ವೇಗದಲ್ಲಿ ಮುಚ್ಚಿಕೊಳ್ಳುತ್ತದೆ. ಭಾಗವತ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗಿನ್ನೂ ನಡುವಯಸ್ಸೂ ಆಗಿರಲಿಲ್ಲ. ಅವರ ಪದ ಕೇಳಿದವರು ಆಮೇಲೆ ಎಷ್ಟೋ ವರ್ಷ ಬಡಗುತಿಟ್ಟಿನ ಯಾವ ಆಟಕ್ಕೆ ಹೋದರೂ ಆ ದನಿಯನ್ನೇ ಅರಸುತ್ತಿದ್ದರು. ಮೇಳಗಳು ನಿಲ್ಲಲಿಲ್ಲ. ನಿಲ್ಲಬಾರದು ಕೂಡ. ಹೊಸ ಭಾಗವತರು ಬಂದರು, ಅವರಿಗೊಂದು ನಡೆ ಇತ್ತು, ಮೇಳ ಆ ನಡೆಗೆ ಕಾಲು ಹೊಂದಿಸಿಕೊಂಡಿತು. ಬ್ಯಾಂಡಿನಲ್ಲಿ ಭಾಗವತರ ಆ ಜಾಗ ಹಾಡುವವನದೆಂದು ಜನ ತಿಳಿಯುತ್ತಾರೆ. ನನ್ನ ಮಟ್ಟಿಗೆ ಅದು ಡ್ರಮ್ಮರನದು.

ಹೊಂದಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೆಟಾಲಿಕಾ ಒಂದು ಆಲ್ಬಮನ್ನೇ ಬಿಟ್ಟುಹೋಗಿದೆ. 1986ರ ಸೆಪ್ಟೆಂಬರ್ 27ರ ಬೆಳಗಿನ ಜಾವ ಸ್ವೀಡನ್ನಿನ ರಸ್ತೆಯೊಂದರಲ್ಲಿ ಅವರ ಬಸ್ಸು ಉರುಳಿ ಬೇಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ. ಅವನಿಗೆ ಇಪ್ಪತ್ನಾಲ್ಕು ವರ್ಷ. ಬೇಸನ್ನು ಹಿನ್ನೆಲೆಯಿಂದ ಎತ್ತಿ ಮುಂದಕ್ಕೆ ತಂದವನು ಅವನು. ಕೆಲವೇ ವಾರಗಳಲ್ಲಿ ಜೇಸನ್ ನ್ಯೂಸ್ಟೆಡ್‌ನನ್ನು ತೆಗೆದುಕೊಂಡರು. 1988ರಲ್ಲಿ ಬಂದ ‘ಆಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಮ್ ಕೇಳಿ ನೋಡಿ: ಬೇಸ್ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಹೊಸಬ ಬಾರಿಸಿದ್ದಾನೆ, ಮಿಕ್ಸಿಂಗಿನಲ್ಲಿ ಅವನನ್ನು ತಗ್ಗಿಸಿಬಿಟ್ಟಿದ್ದಾರೆ. ಹಾಡುಗಳು ಅದ್ಭುತವಾಗಿವೆ, ನಡುವೆ ಒಬ್ಬ ಮನುಷ್ಯನಷ್ಟು ಜಾಗ ಖಾಲಿ ಇದೆ. ಆ ಆಲ್ಬಮನ್ನು ನಾನು ಪ್ರೀತಿಸುತ್ತೇನೆ. ಕೇಳುವಾಗಲೆಲ್ಲ ನ್ಯೂಸ್ಟೆಡ್‌ನ ಬೆರಳುಗಳು ನೆನಪಾಗಿ ಸಂಕಟವೂ ಆಗುತ್ತದೆ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ಬಾರಿಸಿದಾಗ ಬೇಸ್ ಹಿಡಿದಿದ್ದವನು ರಾಬರ್ಟ್ ಟ್ರುಹಿಯೊ, ಅಷ್ಟೊತ್ತಿಗೆ ನ್ಯೂಸ್ಟೆಡ್ ಕೂಡ ಹಳಬನಾಗಿದ್ದ. ಶಿಲ್ಲಾಂಗಿನವನು ನನ್ನ ಪಕ್ಕ ನಿಂತು ಎರಡೂ ತೊಡೆಗಳ ಮೇಲೆ ಬೆರಳಿನಿಂದ ಡ್ರಮ್ಸ್ ಬಾರಿಸುತ್ತಿದ್ದ.

ಮರುವರ್ಷ ಆಗಸ್ಟಿನಲ್ಲಿ ಅವನು ಹೋದ. 2012ರ ಆ ದಿನಗಳು ಬೆಂಗಳೂರಿನವರಿಗೆ ನೆನಪಿರಬೇಕು. ಅಸ್ಸಾಮಿನ ಗಲಭೆಗಳ ಹಿಂದೆಯೇ ಎಸ್ಸೆಮ್ಮೆಸ್ಸುಗಳಲ್ಲಿ ಸುಳ್ಳು ಸುದ್ದಿ ಹಬ್ಬಿ, ಈಶಾನ್ಯದ ಸಾವಿರಾರು ಮಂದಿ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ನಾವು ಅವನನ್ನು ನಮ್ಮ ಕೋಣೆಯಲ್ಲೇ ಇರು ಎಂದೆವು. ಅವನ ತಾಯಿ ಫೋನಿನಲ್ಲಿ ಅಳುತ್ತಿದ್ದರು, ಅವನು ಹೊರಟ. ಪೆಡಲನ್ನು ಒಯ್ದ, ತನ್ನ ಸಿಂಬಲ್‌ಗಳನ್ನು ನಮ್ಮ ಬಳಿ ಬಿಟ್ಟ, ಬಂದು ತೆಗೆದುಕೊಳ್ಳುತ್ತೇನೆ ಎಂದ. ಊರಿನಲ್ಲೇ ಕೆಲಸ ಸಿಕ್ಕಿತು, ಬರಲಿಲ್ಲ. ಈ ನಗರ ಒಬ್ಬ ಡ್ರಮ್ಮರನಿಗೆ ಧೈರ್ಯ ಕೊಡಲಾರದೆ ಹೋಯಿತು ಎಂಬ ನೋವು ನನ್ನಲ್ಲಿ ಇನ್ನೂ ಹಸಿಯಾಗಿದೆ.

ಆಮೇಲಿನ ಕಾಲ ಯಾರೂ ಇಲ್ಲದ ಕಾಲ. ಲ್ಯಾಪ್‌ಟಾಪಿನಲ್ಲಿ ಡ್ರಮ್ಸ್ ಬರೆದು, ಅದಕ್ಕೆ ನಾವು ಬಾರಿಸಿದೆವು. ಲೆಕ್ಕ ತಪ್ಪದ, ದಣಿಯದ, ಯಾರನ್ನೂ ನೋಡದ ಡ್ರಮ್ಸ್. ಅದರ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ನೋಡಲು ಬಲಗಾಲೇ ಇರಲಿಲ್ಲ.

ಆ ಬಿಡುವಿನಲ್ಲೇ ಕನ್ನಡದ ಪ್ರಶ್ನೆ ಎದ್ದದ್ದು. ಬೇರೆಯವರು ತಮ್ಮ ದಾರಿ ಕಂಡುಕೊಳ್ಳುತ್ತಿದ್ದರು. ಕ್ರಿಪ್ಟೋಸ್ ಕಟ್ಟಿದವರಲ್ಲಿ ಒಬ್ಬರಾದ ಗಣೇಶ್ ಕೃಷ್ಣಸ್ವಾಮಿ ಅಲ್ಲಿಂದ ಹೊರಬಂದು ಬೇವರ್ ಸೀ ಎಂಬ ಡೂಮ್ ಬ್ಯಾಂಡಿನ ಹಾಡುಗಾರರಾಗಿದ್ದರು. ಗಿಟಾರಿನ ನೋಲನ್ ಲೂಯಿಸ್ ಕ್ರಿಪ್ಟೋಸ್‌ನ ಹಾಡುಗಾರಿಕೆಯನ್ನೂ ವಹಿಸಿಕೊಂಡು, ಎಂಬತ್ತರ ದಶಕದ ಹೆವಿ ಮೆಟಲ್ ಕಡೆಗೆ ಬ್ಯಾಂಡನ್ನು ನಡೆಸಿ, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ಬಾರಿಸಿ ಬಂದರು. ಒಂದು ಅಗಲಿಕೆಯಿಂದ ಎರಡು ಬ್ಯಾಂಡುಗಳಿಗೂ ತಮ್ಮ ದನಿ ಸಿಕ್ಕಿತು. ನಮಗೆ ಸಲಹೆ ಕೊಟ್ಟವರು ಬೇರೆಯದನ್ನೇ ಹೇಳಿದರು: ಚೆಂಡೆ ಸೇರಿಸಿ, ತಮಟೆ ಸೇರಿಸಿ, ಹೆಗಲಿಗೆ ಕಂಬಳಿ ಹಾಕಿ, ವಿದೇಶದವರು ಅದನ್ನೇ ಕೇಳುವುದು. ನಾನು ಒಪ್ಪಲಿಲ್ಲ. ಚೆಂಡೆಯ ಸದ್ದಿಗೆ ನಿದ್ದೆಗೆಟ್ಟು ಬೆಳೆದವನು ನಾನು, ಆ ವಾದ್ಯಕ್ಕೆ ಎಷ್ಟು ವರ್ಷದ ದುಡಿಮೆ ಬೇಕೆಂದು ಬಲ್ಲೆ. ಒಂದು ಹಾಡಿನ ನಡುವೆ ಅರ್ಧ ನಿಮಿಷ ಅದನ್ನು ಬಾರಿಸಿ ಕನ್ನಡದವರು ಎನಿಸಿಕೊಳ್ಳುವುದು ಆ ವಾದ್ಯಕ್ಕೂ ನಮಗೂ ಸಲ್ಲದು. ಬ್ರೆಜಿಲ್‌ನ ಸೆಪುಲ್ಟುರಾ 1996ರ ‘ರೂಟ್ಸ್’ ಆಲ್ಬಮಿಗಾಗಿ ಶವಾಂಟೆ ಬುಡಕಟ್ಟಿನವರ ಊರಿಗೇ ಹೋಗಿ, ಅವರ ಜೊತೆ ಕೂತು, ಅವರೊಂದಿಗೆ ಹಾಡಿ ಧ್ವನಿಮುದ್ರಿಸಿತು. ಅದು ಬೇರೆ ಮಟ್ಟದ ಕೆಲಸ. ಅಷ್ಟು ಗಟ್ಟಿಯಾಗಿ ತಮ್ಮ ನೆಲವನ್ನು ಕಂಡುಕೊಂಡವರೂ ಅದೇ ವರ್ಷದ ಕೊನೆಗೆ ಹಾಡುಗಾರ ಮ್ಯಾಕ್ಸ್ ಕವಲೆರಾನನ್ನು ಕಳೆದುಕೊಂಡರು. ನೆಲೆ ಸಿಕ್ಕಿತೆಂದರೆ ಜನ ನಿಲ್ಲುತ್ತಾರೆಂದಲ್ಲ.

ಕನ್ನಡಕ್ಕೆ ನಾವು ಬಂದದ್ದು ಹಾಡುವವನ ಬಾಯಿಯ ದಾರಿಯಿಂದ. ಹುಬ್ಬಳ್ಳಿಯವನು ಒಂದು ಸಂಜೆ ಕೆರೆಯ ಹಾಡಿನ ಇಂಗ್ಲಿಷ್ ಸಾಲು ಮರೆತು, ತನ್ನ ಊರಿನ ಕನ್ನಡದಲ್ಲೇ ಏನೋ ತುಂಬಿದ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದೆವು. ಆದರೆ ಅದು ರಿಫ್ಫಿನ, ಅಂದರೆ ಗಿಟಾರಿನಲ್ಲಿ ಮರಳಿ ಮರಳಿ ಬರುವ ತುಣುಕಿನ, ಮೇಲೆ ಕೂರಲಿಲ್ಲ. ಮೆಟಲ್ ರಿಫ್ಫಿನಲ್ಲಿ ಅಂಗೈಯ ಅಂಚನ್ನು ತಂತಿಯ ಬುಡಕ್ಕೆ ತಾಗಿಸಿ ನಾದವನ್ನು ಕತ್ತರಿಸುತ್ತೇವೆ, ಟಕ್ಕೆಂದು ನಿಲ್ಲುತ್ತದೆ. ಇಂಗ್ಲಿಷಿನ ಪದಗಳು ಹೆಚ್ಚಾಗಿ ವ್ಯಂಜನದಲ್ಲಿ ಮುಗಿಯುವುದರಿಂದ ಆ ನಿಲುಗಡೆಗೆ ಸರಿಯಾಗಿ ಬೀಳುತ್ತವೆ. ನಮ್ಮ ಮಾತು ಸ್ವರದಲ್ಲಿ ಮುಗಿಯುತ್ತದೆ. ಗಿಟಾರ್ ನಿಂತ ಮೇಲೂ ಹಾಡುವವನ ಬಾಯಿ ತೆರೆದೇ ಇರುತ್ತದೆ. ಹಾಡನ್ನು ಮೊಟಕು ಮಾಡುವ ಬದಲು ರಿಫ್ಫನ್ನೇ ಬದಲಿಸಿದೆವು. ಪ್ರತಿ ಸಾಲಿನ ಕೊನೆಗೆ ಅಂಗೈ ಎತ್ತಿ ತಂತಿಯನ್ನು ಅನುರಣಿಸಲು ಬಿಟ್ಟೆವು, ಬೇಸನ್ನು ಅಲ್ಲೇ ಷಡ್ಜದಲ್ಲಿ ನಿಲ್ಲಿಸಿದೆ. ಒತ್ತಕ್ಷರಗಳಿದ್ದಲ್ಲೆಲ್ಲ ಸ್ನೇರ್ ಏಟು ಇಟ್ಟೆವು. ಅಷ್ಟು ಮಾಡಿದ ಮೇಲೆ ಹಾಡಿಗೆ ಬೇರೆ ಯಾವ ಬ್ಯಾಂಡಿನ ಹಾಡಿಗೂ ಇಲ್ಲದ ಒಂದು ನಡೆ ಬಂತು. ಯಾವ ಜನಪದ ವಾದ್ಯವೂ ಇಲ್ಲದೆ, ಬರೀ ಮಾತು ಮುಗಿಯುವ ರೀತಿಯಿಂದ.

ಕೆ.ಜಿ.ಎಫ್.ನವಳು ಆಗ ಬಂದಳು. ಅವಳ ಅಜ್ಜ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು, 2001ರಲ್ಲಿ ಗಣಿ ಮುಚ್ಚಿದಾಗ ಅವಳಿನ್ನೂ ಮಗು. ಚರ್ಚಿನಲ್ಲಿ ಡ್ರಮ್ಸ್ ಕಲಿತವಳು, ಮನೆಮಾತು ತಮಿಳು. ಡಬಲ್ ಪೆಡಲ್ ಅವಳಿಗೆ ನೀರು ಕುಡಿದಷ್ಟು ಸಲೀಸು. ನಮ್ಮ ಹಳೆಯ ಧ್ವನಿಮುದ್ರಣಗಳನ್ನೆಲ್ಲ ಅವಳಿಗೆ ಕೊಟ್ಟೆ. ಶಿಲ್ಲಾಂಗಿನವನದನ್ನು ಕೇಳಿ ಅವನ ಕಾಲಿಗೆ ನಮಸ್ಕಾರ ಎಂದಳು. ಮಂಡ್ಯದವನದನ್ನು ಮತ್ತೆ ಮತ್ತೆ ಕೇಳಿ, ಸ್ನೇರ್ ಯಾಕೆ ತಡವಾಗಿ ಬೀಳುತ್ತದೆ ಎಂದು ಕೇಳಿದಳು. ಅವನ ಕೈಯೇ ಹಾಗೆ ಎಂದೆ. ಅದನ್ನು ನಕಲು ಮಾಡಬೇಡ ಎಂದೂ ಹೇಳಿದೆ. ಅವಳು ನಕಲು ಮಾಡಲಿಲ್ಲ. ನಿಧಾನವನ್ನು ಮಾತ್ರ ತೆಗೆದುಕೊಂಡಳು. ಆ ನಿಧಾನದ ಕೆಳಗೆ ಎರಡೂ ಕಾಲಿನಿಂದ ಸಣ್ಣಗೆ, ಸದ್ದು ಏರದಂತೆ, ಕಿಕ್ ಡ್ರಮ್ಮನ್ನು ಉರುಳಿಸುತ್ತ ಹೋದಳು. ಮೇಲೆ ಹಾಡು ನಿಂತ ನೀರು, ಕೆಳಗೆ ಏನೋ ಹರಿಯುತ್ತಿದೆ. ಇಷ್ಟು ವರ್ಷ ಕೆರೆಯ ಬಗ್ಗೆ ಬಾರಿಸಿದ್ದರೂ ಆ ನೀರು ನನಗೆ ಕೇಳಿಸಿದ್ದು ಆಗಲೇ.

ನೀವು ಅದೇ ಬ್ಯಾಂಡಾ ಎಂಬ ಆ ಪ್ರಶ್ನೆಗೆ ಬೇರೆಯವರ ಉತ್ತರಗಳೂ ಇವೆ. ಇಂಗ್ಲೆಂಡಿನ ನೇಪಾಮ್ ಡೆತ್‌ನ ಮೊದಲ ಆಲ್ಬಮ್ ‘ಸ್ಕಮ್’ 1987ರಲ್ಲಿ ಬಂತು. ಅದರ ಒಂದು ಬದಿಯನ್ನು ಬಾರಿಸಿದವರು ಬೇರೆ, ಇನ್ನೊಂದು ಬದಿಯವರು ಬೇರೆ. ಎರಡರಲ್ಲೂ ಇದ್ದವನು ಡ್ರಮ್ಮರ್ ಮಿಕ್ ಹ್ಯಾರಿಸ್ ಒಬ್ಬನೇ. ಅವನೂ ಆಮೇಲೆ ಬಿಟ್ಟ. ಆ ಆಲ್ಬಮಿನಲ್ಲಿ ಬಾರಿಸಿದ ಯಾರೂ ಇಲ್ಲದೆಯೂ ನೇಪಾಮ್ ಡೆತ್ ನೇಪಾಮ್ ಡೆತ್ ಆಗಿಯೇ ಇದೆ. ಇದಕ್ಕೆ ಎದುರಾಗಿ, 1980ರ ‘ಹೆವನ್ ಆಂಡ್ ಹೆಲ್’ ಆಲ್ಬಮನ್ನು ರೋನಿ ಜೇಮ್ಸ್ ಡಿಯೊ ಹಾಡಿದ್ದು ಬ್ಲ್ಯಾಕ್ ಸ್ಯಾಬತ್ ಎಂಬ ಹೆಸರಿನಲ್ಲೇ. ಅದೇ ಡಿಯೊ, ಅಯೋಮಿ, ಗೀಜರ್ ಬಟ್ಲರ್ 2006ರಲ್ಲಿ ಮತ್ತೆ ಕೂಡಿದಾಗ ಆ ಹೆಸರನ್ನು ಮುಟ್ಟದೆ, ಆಲ್ಬಮಿನ ಹೆಸರನ್ನೇ ಬ್ಯಾಂಡಿಗೆ ಇಟ್ಟುಕೊಂಡರು. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲಿನ ನಾಲ್ವರೇ ಕೂಡಿ ಕೊನೆಯ ಸಲ ಬಾರಿಸಿದರು. ಆ ತಿಂಗಳಲ್ಲೇ ಅವರ ಮೊದಲ ಹಾಡುಗಾರ ಆಜಿ ಆಸ್ಬರ್ನ್ ತೀರಿಕೊಂಡ. ಈ ಎಲ್ಲ ನಿರ್ಧಾರಗಳೂ ನನಗೆ ಸರಿ ಎನಿಸುತ್ತವೆ, ಯಾಕೆಂದರೆ ಅಲ್ಲಿ ಯಾರೂ ಒಬ್ಬರ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ ಅವರಂತೆಯೇ ಬಾರಿಸು ಎಂದು ಹೇಳಲಿಲ್ಲ.

ಈಗ ಹುಬ್ಬಳ್ಳಿಯವನೂ ಇಲ್ಲ, ಟೆಕ್ಸಾಸಿನಲ್ಲಿದ್ದಾನೆ. ಹೊಸ ಹಾಡುಗಾರ ಚಾಮರಾಜನಗರದ ಕಡೆಯವನು. ಅವನ ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹುಬ್ಬಳ್ಳಿಯವನು ಬರೆದ ಸಾಲುಗಳೋ ಹೆಚ್ಚಿನವು ಹಕಾರದಿಂದಲೇ ಶುರುವಾಗುತ್ತವೆ. ಹಕಾರದಲ್ಲಿ ಮೊದಲು ಉಸಿರು ಬರುತ್ತದೆ, ದನಿ ಅದರ ಹಿಂದೆ. ಮಂಡ್ಯದವನು ಇದ್ದಿದ್ದರೆ ಅವನ ತಡವಾದ ಏಟು ಆ ದನಿಯ ಜೊತೆಗೇ ಬೀಳುತ್ತಿತ್ತು ಎಂಬುದು ನನಗೆ ಹೊಳೆದದ್ದು ಈಗ. ಚಾಮರಾಜನಗರದವನು ನೇರ ಸ್ವರದಿಂದ ಸಾಲು ಎತ್ತುತ್ತಾನೆ, ಗಂಟಲಿನಲ್ಲಿ ಒಂದು ಗುದ್ದು ಬಿದ್ದಂತೆ. ಕೆ.ಜಿ.ಎಫ್.ನವಳು ಎರಡೇ ಸಲ ಕೇಳಿ ಸಿಂಬಲ್ ಏಟನ್ನು ಮುಂದಕ್ಕೆ ತಂದು ಆ ಗುದ್ದಿನ ಮೇಲಿಟ್ಟಳು. ಅವಳು ಹೊಡೆಯುತ್ತಿರುವುದು ಶಿಲ್ಲಾಂಗಿನವನು ಬಿಟ್ಟುಹೋದ ಸಿಂಬಲ್ಲನ್ನೇ.

ಆ ಧ್ವನಿಮುದ್ರಣವನ್ನು ಟೆಕ್ಸಾಸಿಗೆ ಕಳಿಸಿದೆ. ಹುಬ್ಬಳ್ಳಿಯವನಿಗೆ ಮೊದಲು ಕಸಿವಿಸಿಯಾಯಿತು. ತನ್ನ ಸಾಲುಗಳು ಹಾಗಲ್ಲ, ಉಚ್ಚಾರ ತಿದ್ದಿಸು ಎಂದ. ತಿದ್ದಿಸುವುದಿಲ್ಲ ಎಂದು ಹೇಳಿದೆ. ಅವನ ಕನ್ನಡ ಅವನ ಹಾಡಿನಲ್ಲಿತ್ತು, ಇವನ ಕನ್ನಡ ಇವನ ಹಾಡಿನಲ್ಲಿರಬೇಕು. ಹವ್ಯಾಸಿ ಬ್ಯಾಂಡಿಗೆ ಇಷ್ಟು ಸ್ವಾತಂತ್ರ್ಯವೂ ಇಲ್ಲದಿದ್ದರೆ ಮತ್ತೆ ಕವರ್ ಬಾರಿಸುವುದೇ ವಾಸಿ. ಅವನು ಕೆಲವು ದಿನ ಮಾತಾಡಲಿಲ್ಲ. ಆಮೇಲೆ ಅಲ್ಲಿನ ನಡುರಾತ್ರಿಯಲ್ಲಿ ಕೂತು, ಹಕಾರವೇ ಬಾರದ ಹಾಗೆ ಮೂರು ಹೊಸ ಸಾಲು ಬರೆದು ಕಳಿಸಿದ. ಎರಡು ಸಾಲು ಎಲ್ಲರಿಗೂ ಹಿಡಿಸಿದವು. ಮೂರನೆಯದನ್ನು ಚಾಮರಾಜನಗರದವನು ಓದಿ ನೋಡಿ, ತಮ್ಮೂರಿನಲ್ಲಿ ಯಾವ ಅಜ್ಜಿಯೂ ಹೀಗೆ ಮಾತಾಡುವುದಿಲ್ಲ ಎಂದು ಹಾಳೆ ವಾಪಸು ಕೊಟ್ಟ. ಈಗ ಇಬ್ಬರೂ ಫೋನಿನಲ್ಲಿ ಅದರ ಬಗ್ಗೆಯೇ ವಾದಿಸುತ್ತಿದ್ದಾರೆ.